ಚಂದ್ರ ಗೈರುಹಾಜರು

ಈ ಊರಿಗೆ ಕಡಲಿಲ್ಲ.
ಮಂಗಳೂರು ಬಂದರಿನ ಸುಂಕದ ಕಟ್ಟೆಯಲ್ಲಿ
ಏಳು ವರ್ಷ ಮೆಣಸಿನ ಮೂಟೆ ಎಣಿಸಿ,
ಉಪ್ಪುಗಾಳಿಗೆ ಕೆಮ್ಮು ಹತ್ತಿ,
ಬೆಂಗಳೂರು ಪೇಟೆಯ ಮುನಿಸಿಪಾಲಿಟಿಗೆ
ದೀಪದ ಗುಮಾಸ್ತನಾಗಿ ಬಂದೆ.

ಅಲ್ಲಿ ಹುಣ್ಣಿಮೆ ಎಂದರೆ ಉಬ್ಬರ,
ದೋಣಿಗಳೆಲ್ಲ ಧಕ್ಕೆಯೆತ್ತರ.
ಇಲ್ಲಿ ಹುಣ್ಣಿಮೆ ಎಂದರೆ ಉಳಿತಾಯ:
ಶುದ್ಧ ದಶಮಿಯಿಂದ ಬಹುಳ ತದಿಗೆಯವರೆಗೆ
ಬೀದಿ ದೀಪ ಹಚ್ಚತಕ್ಕದ್ದಲ್ಲ,
ಎಣ್ಣೆ ಬಟವಾಡೆ ಇಲ್ಲ.
ಚಂದ್ರ ನಮ್ಮ ಸಂಬಳವಿಲ್ಲದ ನೌಕರ.

ತಿಂಗಳಿಗೊಮ್ಮೆ ಪಂಚಾಂಗ ಬಿಚ್ಚಿ
ಕತ್ತಲೆಯ ತಖ್ತೆ ತಯಾರಿಸುವುದು ನನ್ನ ಕೆಲಸ.
ಆಚೆ ದಂಡಿನಲ್ಲಿ, ಸೋಲ್ಜರುಗಳ ಊಟದ ಮನೆಯ ಮುಂದೆ,
ಬೆಳದಿಂಗಳಲ್ಲೂ ದೀಪ ಉರಿಯುತ್ತಂತೆ.
ಅದು ಬೇರೆ ಮುನಿಸಿಪಾಲಿಟಿ, ಬೇರೆ ಎಣ್ಣೆ.
ಚಂದ್ರ ಮಾತ್ರ ಎರಡಕ್ಕೂ ಒಬ್ಬನೇ.

ಪಿಳ್ಳಪ್ಪ. ತಿಗಳರಪೇಟೆ.
ಇಪ್ಪತ್ಮೂರು ಕಂಬ, ಒಂದು ಏಣಿ,
ತಿಂಗಳಿಗೆ ನಾಲ್ಕೂವರೆ ರೂಪಾಯಿ.
ಅಕ್ಷರ ಬಾರದು, ದೀಪಗಳ ಸ್ವಭಾವ ಬಲ್ಲ:
ಇದು ಕೆಮ್ತದೆ ಸ್ವಾಮಿ, ನಿಮ್ಮಂಗೇ.
ಇದಕ್ಕೆ ಗಾಳಿ ಅಂದ್ರೆ ಭಯ.
ಇದು ಮದುವೆ ಮನೆ ಎದುರಿಂದು, ನಾಚ್ತದೆ.

ಹದಿನಾಲ್ಕನೇ ಕಂಬದ ಬುಡದಲ್ಲಿ
ಚರಂಡಿಗೆಂದು ತೋಡಿದ ಆಳೆತ್ತರದ ಗುಂಡಿ
ಮೂರು ತಿಂಗಳಿಂದ ಬಾಯ್ತೆರೆದು
ಕಲ್ಲುಚಪ್ಪಡಿಯ ಮಂಜೂರಾತಿ ಕಾಯುತ್ತಿತ್ತು.

ಆಷಾಢದ ಹುಣ್ಣಿಮೆ. ಮುಗಿಲು
ಕಂಬಳಿ ಹೊದ್ದು ಮಲಗಿದ ಹಾಗೆ.
ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ದೂರು:
ಸರ್ಕಾರಿ ಎಣ್ಣೆ ಒಂದು ಚಟಾಕು
ಬೆಳದಿಂಗಳಲ್ಲಿ ಪೋಲು.

ಸಮಜಾಯಿಷಿ ಕೊಡು, ಅಂದೆ.
ಏಣಿಯನ್ನು ಬಾಗಿಲಿಗೆ ಒರಗಿಸಿ ಒಳಬಂದ.
ಚಂದ್ರಪ್ಪ ಬರ್ನಿಲ್ಲ ಸ್ವಾಮಿ.
ಅರ್ಧ ಜಾವ ಕಾದೆ.
ಸೂಲಗಿತ್ತಿ ಆವಲಮ್ಮ ಎರಿಗೆಗೆ ಓಗ್ಬೇಕಿತ್ತು,
ಕಣ್ಣು ಮಂಜು ಅವಳಿಗೆ.
ಒಂದೇ ಒಂದು ಅಚ್ದೆ.

ಮಗು?
ಎಣ್ಣು. ಚೆನ್ನಾಗೈತೆ.

ಮಗುವಿಗೆ ಕಡತದಲ್ಲಿ ಕಲಮಿಲ್ಲ.
ಕಚೇರಿಯ ಕನ್ನಡದಲ್ಲಿ ಬರೆದೆ:
ಸದರಿ ರಾತ್ರಿ ಹುಣ್ಣಿಮೆ ಇತ್ತು.
ಚಂದ್ರ ಗೈರುಹಾಜರು.

ಕೆಂಪು ಮಸಿಯ ಷರಾ ಹೊತ್ತು
ಕಡತ ಒಂಬತ್ತನೇ ದಿನ ಇಳಿದು ಬಂತು:
ಪಂಚಾಂಗ ಪ್ರಕಾರ ಚಂದ್ರನಿಗೆ ಹಾಜರಿ ಹಾಕಿಕೊಳ್ಳುವುದು.
ಎಣ್ಣೆಯ ಬಾಬ್ತು ಒಂಬತ್ತು ಕಾಸು
ನೌಕರನ ಸಂಬಳದಲ್ಲಿ ವಸೂಲು.
ಗುಮಾಸ್ತರು ಇನ್ನು ಮುಂದೆ
ಆಕಾಶದ ಬಗ್ಗೆ ಅಭಿಪ್ರಾಯ ಬರೆಯತಕ್ಕದ್ದಲ್ಲ.

ವಸೂಲು ಮಾಡಿದೆ. ನಾನೇ.
ಪಿಳ್ಳಪ್ಪ ಹೆಬ್ಬೆಟ್ಟು ಒತ್ತಿದ.
ಮಸಿಪೆಟ್ಟಿಗೆ ಬೇಕಾಗಲಿಲ್ಲ,
ಬೆರಳ ತುಂಬ ದೀಪದ ಕಾಡಿಗೆ.

ಆ ರಾತ್ರಿ ಶ್ರಾವಣದ ತಖ್ತೆ ಬರೆಯಲು ಕೂತೆ.
ಒಂದರಿಂದ ಹದಿಮೂರು, ಎಲ್ಲ ಸರಿ.
ಹದಿನಾಲ್ಕನೇ ಸಾಲಿಗೆ ಬಂದಾಗ
ಲೇಖನಿ ದಶಮಿಯನ್ನು ದಾಟಿತು,
ಹುಣ್ಣಿಮೆಯನ್ನೂ ದಾಟಿತು.
ಅಮಾವಾಸ್ಯೆ ಎಂದು ಬರೆದೆ. ಕೆಳಗೆ ಅದೇ ಮೇರೆಗೆ,
ಅದೇ ಮೇರೆಗೆ, ಅದೇ ಮೇರೆಗೆ.
ಕೈ ನಡುಗಿತು ಅಂತ ಹೇಳಬೇಕು.
ನಡುಗಲಿಲ್ಲ.

ಆಡಿಟರು ಬಂದರು ಫಾಲ್ಗುಣದಲ್ಲಿ,
ಗಾಜು ಎಣಿಸಿದರು, ಬತ್ತಿ ಎಣಿಸಿದರು,
ಏಣಿಗೆ ಮೆಟ್ಟಿಲೆಷ್ಟೆಂದು ಕೇಳಿದರು,
ಅದೇ ಮೇರೆಗೆ ಎಂಬಲ್ಲಿಗೆ ಬಂದು
ಕನ್ನಡಕ ಒರೆಸಿ, ಪುಟ ಮಗುಚಿ,
ಎಣ್ಣೆ ಕೂಡಿದ್ದು ಸರಿಯಿದೆ ಎಂದು ರುಜು ಹಾಕಿದರು.

ಚಪ್ಪಡಿ ಮಂಜೂರಾದದ್ದು ಎರಡನೇ ಕಾರ್ತಿಕಕ್ಕೆ.
ಗುಂಡಿ ಮುಚ್ಚಿತು.
ತಿದ್ದುಪಡಿ ಮಾಡಬಹುದಿತ್ತು.

ಇವತ್ತು ಮತ್ತೆ ಹುಣ್ಣಿಮೆ, ಬಾನು ತೊಳೆದ ತಟ್ಟೆ.
ಓದಬಹುದಾದಷ್ಟು ಬೆಳಕು ಬೀದಿಯಲ್ಲಿ.
ಅದರ ನಡುವೆ, ಯಾರಿಗೂ ಬೇಡವಾಗಿ,
ಒಂದು ಹಳದಿ ಚುಕ್ಕೆ,
ದೋಣಿ ಬಾರದ ಊರಿನ ಬಂದರು ದೀಪ.

ಪಿಳ್ಳಪ್ಪ ಅದರಡಿ ಕೂತು ಅಡಿಕೆ ಕತ್ತರಿಸುತ್ತಾನೆ.
ಇದಕ್ಕೆ ಚಂದ್ರಪ್ಪನ ಪರಿಚಯಾನೇ ಇಲ್ಲ ಸ್ವಾಮಿ,
ನೋಡಿ, ಎಂಗೆ ಉರೀತದೆ.