ಸಮುದ್ರಪಾಲು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವಳು ನಾನು.
ನಸುಕಿನಲ್ಲಿ ಮೊದಲ ಗಾಡಿಗೆ ಮಂಜುಗಡ್ಡೆ ತುಂಬಿಸಿ
ಮರಗಟ್ಟಿದ ಬೆರಳಿಗೆ ಕೆಲಸ ಕೊಡಲೆಂದು ಫೋನು ತೆಗೆದರೆ
ಸುದ್ದಿ ಕಾದು ಕೂತಿತ್ತು:
'ದೋಣಿ ಮಗುಚಿ ಕಾರವಾರದ ಮೀನುಗಾರ ಸಮುದ್ರಪಾಲು.'
ಕೆಳಗೆ ಪುರ್ಸು ತಾಂಡೇಲನ ಫೋಟೊ,
ಯಾರದೋ ಮದುವೆಯಲ್ಲಿ ತೆಗೆದದ್ದು, ಅರ್ಧ ಕತ್ತರಿಸಿದ್ದು.
ಅವನ ಹೆಗಲ ಮೇಲೆ
ಇನ್ನೊಬ್ಬರ ಕೈ ಹಾಗೇ ಉಳಿದುಬಿಟ್ಟಿತ್ತು.

ಅದರ ಕೆಳಗೆ ಸಾಲಾಗಿ ಗುಂಡಿಗಳು,
ಹಸಿರೊಂದು, ನೀಲಿ ಎರಡು, ಕರಿಯದೊಂದು,
ಬಲೆಯಂಚಿಗೆ ಕಟ್ಟಿದ ಬೆಂಡಿನ ಹಾಗೆ.
'ಹಂಚಿಕೊಳ್ಳಿ' ಎಂದಿತ್ತು.
ಹಂಚಿಕೊಂಡೆ.
ಪೂರ್ತಿ ಓದಿದ್ದೆನೇ? ಇಲ್ಲ.
ಅಳು ಬಂತೇ? ಬಂತು, ಹಂಚಿದ ಮೇಲೆ.

ಅಪ್ಪ ಹೇಳುತ್ತಿದ್ದ: ರಂಪಣಿ ಎಳೆಯುವ ದಿನ
ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲುಂಟು,
ದಾರಿಹೋಕನಿಗೂ, ಶಾಲೆ ತಪ್ಪಿಸಿ ಬಂದ ಹುಡುಗನಿಗೂ.
ಅವತ್ತು ಸಂಜೆಯೊಳಗೆ
ಸಾವಿರದಿನ್ನೂರ ನಲವತ್ತು ಜನ ಕೈ ಹಚ್ಚಿದ್ದರು.
ಅಂಕೋಲೆಯಿಂದ ಯಾರೋ ದೀಪ ಹಚ್ಚಿದರು, ಪರದೆಯಲ್ಲೇ.
ಬಂದರಿನ ಚಾದಂಗಡಿಯ ರಾಯ್ಕರ
ಪುರ್ಸುವಿನ ಬಾಕಿಯ ಮೇಲೆ
ಅಡ್ಡಗೆರೆ ಎಳೆದು ಕಣ್ಣೊರೆಸಿಕೊಂಡ.

ದೀಪ ಹೊತ್ತುವ ಹೊತ್ತಿಗೆ ಪುರ್ಸು ಬಂದ.
ಕುಮಟಾ ಬಸ್ಸಿಳಿದು, ಒಂದೇ ಚಪ್ಪಲಿಯಲ್ಲಿ.
ಇಂಜಿನ್ನು ಕೈಕೊಟ್ಟು ತದಡಿಗೆ ಹೋಗಿ ಬಿದ್ದಿದ್ದನಂತೆ,
ಫೋನು ನೀರು ಕುಡಿದಿತ್ತಂತೆ,
ಮಗುಚಿದ್ದು ಬೇರೆ ಯಾರದೋ ದೋಣಿ,
ಅದರವರೂ ಈಜಿ ದಡ ಸೇರಿದ್ದರಂತೆ.
ರಾಯ್ಕರ ಚಾ ಕೊಟ್ಟ.
ಆಮೇಲೆ ವಹಿ ತೆಗೆದು, ಸ್ವಲ್ಪ ನಾಚುತ್ತ,
ಬಾಕಿಯನ್ನು ಮತ್ತೆ ಬರೆದುಕೊಂಡ.

ಮರುದಿನ ತಿದ್ದುಪಡಿ ಬಂತು. ಎರಡು ಸಾಲು, ಫೋಟೊ ಇಲ್ಲ.
ಅದಕ್ಕೂ ಅವೇ ಗುಂಡಿಗಳು. ಒತ್ತಿದೆ.
ಮಧ್ಯಾಹ್ನಕ್ಕೆ ನೋಡಿದರೆ ನಾಲ್ಕು.
ನನ್ನದೊಂದು, ಅವನ ನಾದಿನಿಯದೊಂದು,
ಉಳಿದೆರಡು ಯಾರದೋ ದೇವರಿಗೇ ಗೊತ್ತು.
'ನಾ ಬದುಕಿದ್ದು ಅಷ್ಟು ರುಚಿಯಿಲ್ಲ ಕಾಣ್ತದೆ ಬಾಯಿ,'
ಪುರ್ಸು ನಕ್ಕ. ನಗು ಬೇಗ ಮುಗಿಯಿತು.
'ನೀನು ಯಾರ‍್ಯಾರಿಗೆ ಕಳಿಸಿದ್ದೆ, ಹೆಸರು ಬರೆದುಕೊಡು.'

ಐಸಿನ ರಸೀದಿಯ ಬೆನ್ನಿಗೆ ಬರೆದೆ.
ಇಪ್ಪತ್ತಾರು ಹೆಸರು. ಬರೆಯುವಾಗ ಕೈಗೆ ತಣ್ಣಗೆ ತಾಗಿತು,
ಮಂಜುಗಡ್ಡೆಯದಲ್ಲ.

ಧಕ್ಕೆಯಲ್ಲಿ ಸಾಲಕ್ಕೆ ಒಂದು ಬುಟ್ಟಿ ಬಂಗಡೆ ಎತ್ತಿಕೊಂಡು
ಅವನು ಮನೆಮನೆ ಹೊರಟ.
ಕೋಡಿಬಾಗ, ಕಾಜುಬಾಗ, ನಂದನಗದ್ದಾ.
ಬಾಗಿಲಲ್ಲಿ ನಿಂತು ಎರಡೆರಡು ಮೀನಿಟ್ಟು
'ಓದಿದಿರಲ್ಲ, ಅದು ನಾನೇ' ಅಂದನಂತೆ.
ಒಬ್ಬಳು ಚೀರಿ ಒಳಗೋಡಿದಳು.
ಒಬ್ಬ ಮಾಸ್ತರರು ಮುಖ ನೋಡಿ, ಫೋನು ನೋಡಿ,
ಮತ್ತೆ ಮುಖ ನೋಡಿದರು.
ಸುಂಕೇರಿಯ ಮುದುಕಿ ಮಾತ್ರ ಏನೂ ಕೇಳದೆ
ಅವನ ಗಲ್ಲ ಹಿಡಿದು ಅಲುಗಾಡಿಸಿದಳು,
ಹಣ್ಣು ಮಾಗಿದೆಯೋ ಎಂದು ನೋಡುವಂತೆ.

ಕತ್ತಲಾದ ಮೇಲೆ ನಮ್ಮ ಮೆಟ್ಟಿಲಿಗೆ ಬಂದ.
ಬುಟ್ಟಿಯ ತಳದಲ್ಲಿ ಎರಡೇ ಬಂಗಡೆ.
'ಇದು ನಿನ್ನ ಪಾಲು,' ಎಂದಿಟ್ಟು ಹೋದ.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೆಟ್ಟುಗತ್ತಿಯ ಮುಂದೆ ಕೂತು
ಕಿವಿರು ತೆಗೆಯುತ್ತಿದ್ದಾಗ ಫೋನು ಗುರ್ ಎಂದಿತು.
ರತ್ನಾಗಿರಿಯ ಅತ್ತಿಗೆ ಕಳಿಸಿದ್ದು,
ಅದೇ ಫೋಟೊ, ಹೆಗಲ ಮೇಲೆ ಅದೇ ಕೈ:
'ಪಾಪ, ನಿಮ್ಮ ಊರಿನವನಲ್ಲವೇ?'
ಕೆಳಗೆ ಗುಂಡಿಗಳು ತೇಲುತ್ತಿದ್ದವು.
ನನ್ನ ಕೈಯೆಲ್ಲ ಮೀನಿನ ನೆತ್ತರು.
ತೊಳೆದುಕೊಂಡೇ ಮುಟ್ಟಿದರಾಯಿತು
ಎಂದು ಎದ್ದೆ.