ಬಲಗಿವಿಯ ಗುರುವಾರ

ಎಡಗಿವಿ ಉಕ್ಕಿನ ಕಾರ್ಖಾನೆಗೆ ಸಂದಿತು.
ಮೂವತ್ತೊಂದು ವರ್ಷ ಕ್ರೇನಿನ ಮೇಲೆ ಕೂತವನಿಗೆ
ಕಂಪನಿ ಕೊಟ್ಟದ್ದು ಒಂದು ಗಡಿಯಾರ,
ಇಟ್ಟುಕೊಂಡದ್ದು ಒಂದು ಕಿವಿ.
ಬಲಗಿವಿ ಮಾತ್ರ ನನ್ನ ಪಾಲಿನದು.
ಅದನ್ನು ಗುರುವಾರ ಗುರುವಾರ
ಹ್ಯಾಮಿಲ್ಟನ್ನಿನ ಬಾರ್ಟನ್ ಬೀದಿಗೆ,
ಹಳೇ ಲಾಂಡ್ರಿಗೆ ಕರೆದೊಯ್ಯುತ್ತೇನೆ.

ಮುಂದುಗಡೆ ಬಿಯರು, ದೊಡ್ಡ ಟೀವಿ, ಹಾಕಿ ಪಂದ್ಯ.
ಹಿಂದೆ ಇಸ್ತ್ರಿಯ ಹಬೆ ಕುಡಿದು ಉಬ್ಬಿದ ಗೋಡೆಗಳ ಕೋಣೆ;
ಸೋಪಿನ ವಾಸನೆ ಇನ್ನೂ ಬಿಟ್ಟಿಲ್ಲ.
ಬಾಗಿಲಲ್ಲಿ ದ್ರಾಗಾನಾ
ಉಪ್ಪಿನಕಾಯಿಯ ಖಾಲಿ ಜಾಡಿ ಇಟ್ಟುಕೊಂಡು ಕೂತಿರುತ್ತಾಳೆ.
ಐದು ಡಾಲರ್ ಹಾಕಿದರೆ ಮಣಿಕಟ್ಟಿಗೆ ಒಂದು ಮುದ್ರೆ.
ಅವಳಜ್ಜನ ಅಂಗಡಿಯದಂತೆ ಅದು,
'ಹಣ ಸಂದಾಯವಾಗಿದೆ' ಎನ್ನುತ್ತದೆ.
ಸೋಪಿಗೆ ಜಗ್ಗದೆ ಭಾನುವಾರದವರೆಗೂ ಇರುತ್ತದೆ.
ಪರಮಪ್ರಸಾದಕ್ಕೆ ಕೈ ಚಾಚಿದಾಗ
ಪಾದ್ರಿ ಅದನ್ನು ನೋಡಿದರು. ನಾನು ಅವರನ್ನು ನೋಡಿದೆ.
ಇಬ್ಬರೂ ಏನೂ ಹೇಳಲಿಲ್ಲ.

ಮೊದಲ ಸಲ ಹೋದದ್ದು ಮೂತ್ರಕ್ಕೆ. ಸುಳ್ಳೇಕೆ?
ಪಂದ್ಯ ನೋಡುತ್ತ ಎರಡು ಬಿಯರು ಮುಗಿಸಿ
ಬಾಗಿಲು ತಪ್ಪಿ ಒಳನುಗ್ಗಿದೆ.
ನುಡಿಸುವವರು ನಾಲ್ವರು, ಕೇಳುವವರು ಏಳು,
ಕೇಳುವವರಲ್ಲಿ ಮೂವರು ಮುಂದಿನ ಸರದಿಯವರು.
ಕುಡಿದ ಧೈರ್ಯದಲ್ಲಿ
ಎಲ್ಲರಿಗೂ ಬರುವ ಹಾಡೊಂದರ ಹೆಸರು ಕೂಗಿದೆ,
ಮದುವೆಗಳಲ್ಲಿ ಚಿಕ್ಕಪ್ಪಂದಿರು ಕೂಗುವ ಹಾಗೆ.
ರೋವೆನಾ ತಂತಿ ಬಿಗಿಯುತ್ತಲೇ ಅಂದಳು:
"ಬರುತ್ತೆ ಯಜಮಾನ್ರೇ, ಆದರೆ ಅದು ಬೇರೆಯವರ ಊರಿಂದು.
ಇದು ನಮ್ಮ ಎರಡನೇ ನಂಬರ್ ಬಸ್ಸಿಂದು."

ಬಸ್ಸಿನ ಮೇಲೊಂದು ಹಾಡು!
ಬಾಗಿಲು ಎರಡು ಸಲ ಕೆಮ್ಮಿ ಮುಚ್ಚುವುದು,
ಆಸ್ಪತ್ರೆ ಸ್ಟಾಪಿನಲ್ಲಿ ಹತ್ತಿದ ರಾತ್ರಿಪಾಳಿಯ ದಾದಿಯರು
ಒಬ್ಬರ ಹೆಗಲಿಗೊಬ್ಬರು ತೂಕಡಿಸುವುದು,
ಆಮೇಲೆ ಕೆನಿಲ್ವರ್ತ್ ತಿರುವಿನಲ್ಲಿ, ಎಂದಳು.
ಕೆನಿಲ್ವರ್ತ್!
ನನ್ನ ಬೀದಿ ಅದು. ನಲವತ್ತು ವರ್ಷ
ಹಿಮ ಗೋರಿದ್ದೇನೆ, ತೆರಿಗೆ ಕಟ್ಟಿದ್ದೇನೆ,
ಹೆಂಡತಿಯನ್ನು ಕೊನೆಯ ಸಲ
ಅದೇ ಬೀದಿಯಿಂದ ಕಳಿಸಿಕೊಟ್ಟಿದ್ದೇನೆ.
ರೇಡಿಯೋದ ಬೀದಿಗಳಿಗೆಲ್ಲ ತಾಳೆಮರ, ಬಿಸಿಲು.
ನನ್ನ ಬೀದಿಯನ್ನು ಹಾಡಿನೊಳಕ್ಕೆ
ಯಾರೂ ಬಾ ಎಂದಿರಲಿಲ್ಲ.
ಬಂದ ಕೆಲಸ ಮರೆತೇ ಹೋಯಿತು.

ಎಲ್ಲವೂ ಚೆನ್ನಾಗಿರುತ್ತವೆ ಎಂದಲ್ಲ.
ತಿಯಾಗೊನದೊಂದು ಹನ್ನೆರಡು ನಿಮಿಷದ ಹಾಡು
ಅವನ ಬೆಕ್ಕಿನ ಮೇಲೆ; ಬೆಕ್ಕೂ ಎದ್ದು ಹೋದೀತು.
ಮಾರ್ಚಿನಲ್ಲಿ ಒಬ್ಬಳು ನಡುವೆ ಸಾಲು ಮರೆತು ಅತ್ತು
ಮೂಗೊರೆಸಿ, ಮತ್ತೆ ಮೊದಲಿನಿಂದ ಹಿಡಿದಳು.
ಕರಗಿದ ಉಕ್ಕು ಕಂಡವನು ನಾನು.
ಅಚ್ಚಿಗೆ ಬೀಳುವ ಮುನ್ನ ಅದಕ್ಕೆ ಆಕಾರವೆಲ್ಲಿ?
ಹತ್ತಿರ ನಿಂತವನಿಗಷ್ಟೇ ಅದರ ಕಾವು.

ಭಾವಮೈದ ಎರ್ಮೆತೆ ಕೇಳುತ್ತಾನೆ:
ಹೆಸರಿಲ್ಲದವರ ಹಾಡಿಗೆ ದುಡ್ಡು ಯಾಕೆ?
ಹಿತ್ತಲ ಗಿಡ ಮದ್ದಲ್ಲವೆಂದು ಅವನ ಲೆಕ್ಕ.
ಟೊರಾಂಟೊಗೆ ಹೋಗಿ ಮುನ್ನೂರು ಡಾಲರ್ ತೆತ್ತು
ಹೆಬ್ಬೆರಳಷ್ಟು ಕಾಣುವ ಗಾಯಕನನ್ನು
ಪರದೆಯ ಮೇಲೆ ನೋಡಿ ಬಂದ.
ನನ್ನ ಗಾಯಕಿಯ ಶೂಲೇಸು ಬಿಚ್ಚಿದ್ದು ನನಗೆ ಕಾಣುತ್ತದೆ.
ಹೇಳಿದರೆ ಕಟ್ಟಿಕೊಳ್ಳುತ್ತಾಳೆ.

ಈಗೀಗ ಕುರ್ಚಿ ಮಡಿಸುತ್ತೇನೆ,
ಸ್ಪೀಕರ್ ಎತ್ತಲು ಕೈ ಕೊಡುತ್ತೇನೆ.
ಭಾರದ ವಸ್ತುವನ್ನು ಎಲ್ಲಿ ಹಿಡಿಯಬೇಕೆಂದು ಬಲ್ಲೆ.
ನಾಲ್ಕು ಕ್ಯಾಸೆಟ್ ಕೊಂಡೆ; ಹಾಕಲು ಯಂತ್ರವಿಲ್ಲ.
ಕಿಟಕಿಯಲ್ಲಿ ತುಳಸಿಯಂಥ ನಮ್ಮ ಬೇಸಿಲ್ ಕುಂಡದ ಪಕ್ಕ
ಬಿಸಿಲು ಕಾಯಿಸುತ್ತಿವೆ.

ಜನವರಿಯ ಒಂದು ಗುರುವಾರ, ಮೊಣಕಾಲುದ್ದ ಹಿಮ.
ಕೇಳಲು ಬಂದವನು ನಾನೊಬ್ಬನೇ.
ದ್ರಾಗಾನಾ ಜಾಡಿ ಎತ್ತಿಟ್ಟು, ಬಾಗಿಲೆಳೆದು
ಪಕ್ಕ ಬಂದು ನಿಂತಳು; ಇಬ್ಬರಾದೆವು.
ಅವರು ಮುಖ ಮುಖ ನೋಡಿಕೊಂಡು
ಒಂದು ಎರಡು ಮೂರು ಎಂದು ಶುರುವಿಟ್ಟೇಬಿಟ್ಟರು,
ಹಿಂದೆ ನಿಲ್ಲಲೂ ಜಾಗವಿಲ್ಲವೆಂಬಂತೆ.
ಅಭ್ಯಾಸಬಲದಿಂದ ಬಲಗಿವಿ ಮುಂದುಮಾಡಿದೆ.
ಎಡಗಡೆ ನೆಲ ನಡುಗಿ, ಬೂಟಿನೊಳಗಿಂದ
ಮಂಡಿ ಹಿಡಿದು ಮೇಲೇರಿತು ಬೇಸ್ ಗಿಟಾರು.
ಅದಕ್ಕೆ ಕಿವಿಯ ಹಂಗಿಲ್ಲ.

ಕೊನೆಯ ಬಸ್ಸಿಗೆ ಓಡಿದೆ. ದಾದಿಯರಿಬ್ಬರು, ನಾನು, ಚಾಲಕ.
ಕೆನಿಲ್ವರ್ತಿನಲ್ಲಿ ಇಳಿದು, ಹೊರಡದೆ,
ಬಾಗಿಲು ಮುಚ್ಚುವವರೆಗೆ ಹಿಮದಲ್ಲಿ ನಿಂತು ಎಣಿಸಿದೆ.
ಎರಡು ಸಲ.