ಎಡಗಡೆಯ ಚಳಿ

ಪುಷ್ಯ ಮಾಸ, ಬೆಳಗಿನ ಐದು, ಶಿಡ್ಲಘಟ್ಟದ ದಾರಿ.
ಹಿಂದಿನ ಸೀಟಿನಲ್ಲಿ ಮೂರು ಚೀಲ ರೇಷ್ಮೆಗೂಡು,
ಎಡಕ್ಕೆ ನನ್ನ ವಾರಗಿತ್ತಿ ಪಿಳ್ಳಮ್ಮ:
ಮೊಣಕಾಲಿಗೆ ಕಂಬಳಿ, ಕಿವಿಗೆ ಮಫ್ಲರು,
ಬಾಯಿಗೆ ಮಾತ್ರ ಯಾವ ಹೊದಿಕೆಯೂ ಇಲ್ಲ.

"ನಿನ್ನ ಮಗ್ಗುಲಲ್ಲಿ ಶಿವರಾತ್ರಿ ಕಳೆದು
ಚಳಿ ಶಿವಶಿವಾ ಅಂತ ಹೋಗಿದೆ ಗಂಗರತ್ನ,
ನನ್ನ ಮಗ್ಗುಲಿಗೆ ಇನ್ನೂ ಸಂಕ್ರಾಂತಿ ಬಂದಿಲ್ಲ."

ನಿಜ. ನನ್ನ ಕಡೆಯ ಕಿಂಡಿಯಲ್ಲಿ
ಹೆಂಚಿನ ಮುಂದೆ ಕೂತಂಥ ಕಾವು.
ಅವಳ ಕಡೆಯದು ಹಾಳುಬಾವಿಯ ಉಸಿರು.
ಗಾಡಿ ತೊಂಬತ್ತೆಂಟರ ಎಸ್ಟೀಮು, ನಮ್ಮದು ಮೂರನೆಯ ಕೈ,
ಮೈಯೆಲ್ಲ ಬೂದು, ಒಂದು ಬಾಗಿಲು ಬಿಳಿ.

"ನೀನೇ ಏನೋ ತಿರುಗಿಸಿಕೊಂಡಿದೀಯ ನಿನ್ನ ಕಡೆಗೆ"
ಅಂದಳು ಒಂದು ದಿನ, ನಗದೆ.
ಪಾಲಿನ ಮಾತು ಹೀಗೇ ಶುರುವಾಗುವುದು.
ಸೊಪ್ಪು ಕೊಯ್ಯುವ ಸರದಿ, ಚಂದ್ರಿಕೆಗಳ ಲೆಕ್ಕ,
ಮೋಟರು ಹಾಕುವ ಹೊತ್ತು, ಈಗ
ಬಿಸಿಗಾಳಿ.

ಚಿಂತಾಮಣಿಯಲ್ಲಿ ಒಬ್ಬ ಏನೋ ವಾಲ್ವು ಬದಲಿಸಿ
ಸಾವಿರದೆಂಟುನೂರು ಎಣಿಸಿಕೊಂಡ.
ಇನ್ನೊಬ್ಬ, "ಹೀಟರು ಯಾಕಮ್ಮ, ಗಾಜು ಏರಿಸಿ ಸಾಕು" ಅಂದ.

ದಸ್ತಗೀರ್ ಸಾಬರ ಶೆಡ್ಡು ನೂಲು ಬಿಚ್ಚುವವರ ಬೀದಿಯ ಕೊನೆಗೆ,
ಬೆಂದ ಹುಳುವಿನ ವಾಸನೆ
ಗ್ರೀಸಿನ ವಾಸನೆಯನ್ನು ಸೋಲಿಸುವ ಕಡೆ.
ಹರಾಜು ಮುಗಿಸಿ ಹೋದೆವು.
ಬಾನೆಟ್ಟು ಎತ್ತಿದರು, ಏನನ್ನೂ ಮುಟ್ಟಲಿಲ್ಲ. ಕೇಳಿದರು:
ಓಡುವಾಗ ಬಿಸಿ ಹೆಚ್ಚೋ, ನಿಂತಾಗಲೋ?
ಒಳಗೆ ಗಳಗಳ ಅನ್ನುತ್ತಾ? ಕಾಲಡಿ ಒದ್ದೆಯಾ?
ಎಲ್ಲಕ್ಕೂ ಪಿಳ್ಳಮ್ಮನೇ ಉತ್ತರ ಕೊಟ್ಟಳು.
ಐದು ಚಳಿಗಾಲದ ಲೆಕ್ಕ ಅವಳ ಕಾಲಿಗೇ ಗೊತ್ತಿತ್ತು,
ನನಗೆ ಒಂದೂ ಗೊತ್ತಿರಲಿಲ್ಲ.

ಫ್ಯಾನು ಸರಿ. ಬಿಸಿ ತಣ್ಣಗೆ ಬೆರೆಸುವ ತಗಡಿನ ತಂತಿ ಸರಿ.
"ಕೈ ಕೊಡಿ" ಅಂದರು, ಇಬ್ಬರಿಗೂ.
ಎಂಜಿನ್ನಿನ ಹಿಂಗೋಡೆಗೆ ನುಗ್ಗುವ ಎರಡು ರಬ್ಬರು ಪೈಪು.
"ಮಗುವಿನ ಹಣೆ ಮುಟ್ಟೋ ಹಾಗೆ. ಹಿಡೀಬೇಡಿ."
ನನ್ನದು ಚುರ್ರೆಂದಿತು. ಅವಳದು ಉಗುರುಬೆಚ್ಚಗೆ.
ಕೈ ಅದಲುಬದಲು ಮಾಡಿ ಇನ್ನೊಮ್ಮೆ ನೋಡಿದೆವು,
ಒಬ್ಬರ ಮಾತು ಒಬ್ಬರಿಗೆ ಸಾಲದೆ.

"ಹೋಗೋದು ಬಿಸಿ, ಬರೋದು ಸಪ್ಪೆ.
ಒಳಗೆ ಅರ್ಧ ಕಟ್ಟಿಕೊಂಡಿದೆ."

ಪೈಪು ಕಳಚಿ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟರು.
ಮೊದಲು ಬಂದದ್ದು ರಾಗಿ ಅಂಬಲಿಯ ಬಣ್ಣ.
ಆಮೇಲೆ ಬಿಳಿಯ ಚಕ್ಕೆ, ಮೊಟ್ಟೆ ಓಡಿನ ಚೂರಿನಂತೆ.
"ಯಾವ ನೀರು ಹಾಕ್ತೀರಿ ಇದಕ್ಕೆ?"

ಇನ್ನಾವುದು. ನಮ್ಮ ಬೋರಿನದು.
ಸಾವಿರದಿನ್ನೂರು ಅಡಿಯ ಕೆಳಗಿನದು,
ಬಿಂದಿಗೆಯ ಕುತ್ತಿಗೆಗೆ ಸುಣ್ಣ ಬಳಿಯುವುದು,
ಬೇಳೆ ಬೇಯಿಸಲು ಒಪ್ಪದ್ದು,
ಅವಳ ಮಗನ ಹಲ್ಲಿಗೆ ಕಂದು ಗೀಟು ಎಳೆದದ್ದು.
ಚೊಂಬಿನಲ್ಲಿ ಸುರಿದವರು ಯಾರು ಅಂತ ಅವರು ಕೇಳಲಿಲ್ಲ.
ಒಂದು ತಿಂಗಳು ಅವಳು, ಒಂದು ತಿಂಗಳು ನಾನು.
ಅದಕ್ಕೂ ಸರದಿ ಇತ್ತು.

ಹಸಿರು ಕೂಲಂಟು ತುಂಬಿ,
ಮೂತಿ ಮೇಲಾಗುವಂತೆ ಗಾಡಿಯನ್ನು ದಿಬ್ಬಕ್ಕೆ ನಿಲ್ಲಿಸಿ,
ಮುಚ್ಚಳ ತೆರೆದಿಟ್ಟು ಸಾಬರು ಅಂದರು:
"ಒಳಗಿನ ಗಾಳಿ ಹೋಗಬೇಕು. ಅಮ್ಮ, ನೀವು ಈ ಕಡೆ ಬನ್ನಿ,
ಸಣ್ಣಗೆ ರೇಸು ಕೊಡ್ತಾ ಇರಿ."
ಕರೆದದ್ದು ಪಿಳ್ಳಮ್ಮನನ್ನ.

ಸ್ಟಿಯರಿಂಗಿಗೆ ಎರಡೂ ಕೈ ಹಾಕಿ ಕೂತಳು,
ಹೊಸ ಎಮ್ಮೆಯ ಕೊಂಬು ಹಿಡಿದ ಹಾಗೆ.
ನಾನು ಎಡಕ್ಕೆ, ಅವಳ ಕಂಬಳಿಯೊಳಗೆ.
ಮುಂದೆ ರೇಡಿಯೇಟರು ಗುಳುಕ್ ಎಂದು ತೇಗಿತು,
ನಿಂತಿತು, ಮತ್ತೆ ತೇಗಿತು.
ಕಿಂಡಿಯಿಂದ ಬರುತ್ತಿದ್ದದ್ದು ಅದೇ ಬಾವಿಯ ಉಸಿರು.
ಇಷ್ಟಾ? ಇಷ್ಟು ಚಳಿಯಾ ಇಲ್ಲಿ?

"ಬಂತಾ?" ಅಂದಳು, ಕಣ್ಣು ರಸ್ತೆಯ ಮೇಲೆ,
ನಿಂತ ಗಾಡಿಯಲ್ಲಿ.
"ಇಲ್ಲ."
ಇನ್ನಷ್ಟು ಒತ್ತಿದಳು.
ಪಾದಕ್ಕೆ ಮೊದಲು ಗೊತ್ತಾಯಿತು, ಆಮೇಲೆ ಮೊಣಕಾಲಿಗೆ.
"ಈಗ?"

ಬಂದಿತ್ತು. ಆದರೂ
ಅವಳ ಹಳೆಯ ಚಪ್ಪಲಿ, ಬಿಳಿಚಿದ ಹೆಬ್ಬೆರಳು
ನನಗಾಗಿ ಒತ್ತುತ್ತಿರುವುದನ್ನು ನೋಡುತ್ತ,
"ಇನ್ನೂ ಚೂರು ಒತ್ತು ಅಕ್ಕ" ಅಂದೆ.